ಕಡಿದ ಕೊಂಬೆಗೆ ಬಾದಾಮಿ ಹೂ

ಬೆಳಗಿನ ಐದೂವರೆ. ಜನವರಿಯ ಚಳಿಗೆ ಜೆರುಸಲೇಮಿನ ಗುಡ್ಡಗಳು ಇನ್ನೂ ಮುಸುಕು ತೆಗೆದಿಲ್ಲ. ಸ್ಮಶಾನದ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಜ್ರಾ ಬರಾಶಿ ಆಗಲೇ ಮಂಡಿಯೂರಿ ಕೂತಿದ್ದಾರೆ. ಮುಂದೆ, ತೊಂಬತ್ತು ದಾಟಿ ತೀರಿಕೊಂಡ ಅಜ್ಜಿಯೊಬ್ಬರ ಸಮಾಧಿಗೆ ಹೊದಿಸಬೇಕಾದ ಬಿಳಿಗಲ್ಲು. ಅದರ ಮೇಲೆ ಒಂದು ಚೊಂಬು ನೀರು ಸುರಿದು, ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದೆಯಾ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಇಲ್ಲವೆಂದು ಖಾತ್ರಿಯಾದ ಮೇಲೇ ಚಾಣಕ್ಕೆ ಮೊದಲ ಏಟು.

"ಬಿರುಕಿರೋ ಕಲ್ಲು ಕೊಟ್ರೆ ಸತ್ತೋರು ಎದ್ದು ಬಂದು ಜಗಳ ಆಡ್ತಾರಾ? ಆಡಲ್ಲ. ಅದಕ್ಕೇ ನಾವೇ ನೋಡ್ಬೇಕು" ಎನ್ನುತ್ತಾರೆ.

ಎಜ್ರಾ ಅವರಿಗೀಗ ಎಪ್ಪತ್ತೊಂದು. ಕುರ್ದಿಸ್ತಾನದಿಂದ ಬಂದ ಕಲ್ಲುಕುಟಿಗ ಅಪ್ಪನ ಜೊತೆ ಹದಿನೈದನೇ ವಯಸ್ಸಿಗೆ ಚಾಣ ಹಿಡಿದವರು ಇನ್ನೂ ಕೆಳಗಿಟ್ಟಿಲ್ಲ. ಗಲ್ಲಿಯ ಹಿರಿಕಿರಿಯರಿಗೆಲ್ಲ ಅವರು 'ದೋದ್', ಅಂದರೆ ಚಿಕ್ಕಪ್ಪ. ದಿನಕ್ಕೆ ನಲವತ್ತು ಅಕ್ಷರ ಕೆತ್ತುತ್ತಾರೆ. ಐದೆಸಳಿನ ಒಂದು ಬಾದಾಮಿ ಹೂವಿಗೆ ಅರ್ಧ ದಿನ ಬೇಕು. ರಸ್ತೆಯಾಚೆಯ ಅಂಗಡಿಯ ಯಂತ್ರ ಇಡೀ ಕಲ್ಲನ್ನೇ ಒಂದು ಗಂಟೆಯಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತದೆ. ಸತ್ತವರಿಗೆ ಅಂಥದ್ದೇನು ಅವಸರವೋ ದೇವರೇ ಬಲ್ಲ! ಏಟಿನ ಸದ್ದಿಗೆ ಎಜ್ರಾ ಅವರ ಬಲಗಿವಿ ಮಂದವಾಗಿದೆ, ಕಲ್ಲಿನ ಪುಡಿ ಎದೆಗಿಳಿದು ಕೆಮ್ಮು ಬಿಡುವುದಿಲ್ಲ. ಈ ಗುಡ್ಡದ ಮೇಲೆ ಅವರು ಹೆಸರು ಕೆತ್ತಿದ ಕಲ್ಲುಗಳು ಸಾವಿರಾರಿವೆ, ಒಂದರಲ್ಲೂ ಕೆತ್ತಿದವರ ಹೆಸರಿಲ್ಲ.

ಅಪ್ಪನಿಂದ ಕೆಲಸದ ಜೊತೆಗೆ ಒಂದು ಕಟ್ಟಳೆಯೂ ಬಂದಿದೆ. ಯಹೂದಿ ಶಾಸ್ತ್ರದಲ್ಲಿ ಮುಪ್ಪನ್ನು ಬಣ್ಣಿಸುವ ಕಡೆ ಬಾದಾಮಿ ಮರ ಹೂ ಬಿಡುತ್ತದೆ ಎಂಬ ಮಾತು ಬರುತ್ತದೆ. ಎಲೆ ಚಿಗುರುವ ಮೊದಲೇ ಮೈತುಂಬ ಬೆಳ್ಳಗಾಗುವ ಆ ಮರ ಅಂದರೆ ನೆರೆತ ತಲೆ, ತುಂಬಿದ ಬಾಳು. ಹಾಗಾಗಿ ಬಾಳಿ ಬದುಕಿ ಹೋದವರ ಕಲ್ಲಿಗೆ ಬಾದಾಮಿ ಹೂವಿನ ಕೊಂಬೆ, ಎಳೆಯ ಪ್ರಾಯದಲ್ಲಿ ಹೋದವರ ಕಲ್ಲಿಗೆ ಕಡಿದ ಬೋಳು ಕೊಂಬೆ. ಅಳುತ್ತ ಬಂದ ಎಷ್ಟೋ ತಂದೆತಾಯಿಗೆ ಎಜ್ರಾ ಇದನ್ನೇ ಹೇಳಿ ಕಳಿಸಿದ್ದಾರೆ.

ಇಪ್ಪತ್ತೊಂದು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಅಹೂವಾ ಹದಿನೇಳನೇ ವಯಸ್ಸಿಗೆ ಹೃದಯದ ಕಾಯಿಲೆಯಿಂದ ತೀರಿಕೊಂಡಳು. ಹೆಂಡತಿ ಮಲ್ಕಾ ಒಂದೇ ಒಂದು ಹೂ ಕೆತ್ತು ಎಂದು ಕೈಹಿಡಿದು ಬೇಡಿದರು. ಊರಿಗೊಂದು ನ್ಯಾಯ, ನನ್ನ ಮಗಳಿಗೊಂದು ನ್ಯಾಯ ಮಾಡಿದರೆ ನಾಳೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರಿಗೆ ಹೇಳಲಿ ಎಂದು ಹಟ ಹಿಡಿದ ಎಜ್ರಾ ಬೋಳು ಕೊಂಬೆಯನ್ನೇ ಕೆತ್ತಿದರು. ಮೂವತ್ತನೆಯ ದಿನ ಕಲ್ಲು ಹೊದಿಸುವಾಗ ಅದನ್ನು ನೋಡಿದ ಮಲ್ಕಾ ಅಳಲಿಲ್ಲ.

"ದೇವ್ರು ಒಂದು ಸಲ ಕಡಿದ. ಇನ್ನೊಂದು ಸಲ ನೀನು ಕಡಿದೆ" ಎಂದವರು ಮನೆಗೆ ನಡೆದರು. ಆ ಸಮಾಧಿಯ ಕಡೆ ಮತ್ತೆ ತಲೆ ಹಾಕಿಲ್ಲ. ಶುಕ್ರವಾರ ಎಂದಿನಂತೆ ಹುಳಿಸಾರಿನಲ್ಲಿ ಬೇಯಿಸಿದ ಕುಬ್ಬೆ ಕಡುಬು ಮಾಡುತ್ತಾರೆ, ಗಂಡನಿಗೆ ಬಡಿಸುತ್ತಾರೆ, ಮಗಳ ಮಾತು ಮಾತ್ರ ಎತ್ತುವುದಿಲ್ಲ. ಆ ಮನೆಯ ಸಂಕಟವನ್ನು ನೆರೆಯವರೂ ಬಲ್ಲರು, ಯಾರೂ ಆಡುವುದಿಲ್ಲ.

ಹೋದ ಅಕ್ಟೋಬರಿನಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವ ಜೋಹರಾ ಎಂಬಾಕೆ ಶೆಡ್ಡಿಗೆ ಬಂದರು. ರಕ್ತದ ಕ್ಯಾನ್ಸರಿನಿಂದ ಹೋದ ಮಗಳು ಹದಸ್ಸಾಳಿಗೆ ಇಪ್ಪತ್ತೆರಡು. ಗಿಡಮರಗಳ ಹೊಸವರ್ಷದ ದಿನ, ಬಾದಾಮಿ ಅರಳುವ ಹೊತ್ತಿಗೆ ಹುಟ್ಟಿದ ಹುಡುಗಿಗೆ ಆ ಹೂವೇ ಬೇಕೆಂದು ತಾಯಿ ಪಟ್ಟು ಹಿಡಿದರು. ಎಜ್ರಾ ಎಂದಿನ ಪಾಠ ಒಪ್ಪಿಸಿದರು. ನೋಡು ಮಗಳೇ, ಹೂ ಅಂದರೆ ನರೆ, ಇಪ್ಪತ್ತೆರಡಕ್ಕೆ ಯಾವ ನರೆ ಎಂದರು.

"ನನ್ನ ಮಗೂಗೆ ನೆರೆಯೋಕೆ ತಲೇಲಿ ಒಂದು ಕೂದ್ಲೂ ಉಳಿದಿರ್ಲಿಲ್ಲ, ದೋದ್" ಎಂದರು ಜೋಹರಾ. "ಹೂವಾದ್ರೂ ಕೊಡಿ."

ಅಂದು ಎಜ್ರಾ ಅವರ ಚಾಣ ಓಡಲಿಲ್ಲ. ಮನೆಗೆ ಹೋಗಿ, ಏನು ಮಾಡಲಿ ಎಂದು ಹೆಂಡತಿಯನ್ನೇ ಕೇಳಿದರು. ಇಪ್ಪತ್ತೊಂದು ವರ್ಷದಲ್ಲಿ ಕೆಲಸದ ಮಾತು ಆ ಮನೆಯೊಳಗೆ ಬಂದದ್ದು ಅದೇ ಮೊದಲು. ಕುಬ್ಬೆಯ ಹಿಟ್ಟು ನಾದುತ್ತಿದ್ದ ಮಲ್ಕಾ ಕೈ ನಿಲ್ಲಿಸಲಿಲ್ಲ.

"ಶಾಸ್ತ್ರದಲ್ಲಿ ಬರೋ ಪುರೋಹಿತ ಆರೋನನ ಕೋಲಿಗೆ ಬೇರಿತ್ತಾ? ಅದೂ ಕಡಿದ ಕೋಲೇ ತಾನೆ? ಒಣಗಿದ್ದೇ ತಾನೆ? ಹನ್ನೆರಡು ಕುಲದ ಹನ್ನೆರಡು ಕೋಲನ್ನ ದೇವರ ಗುಡಾರದಲ್ಲಿಟ್ಟು, ಬೆಳಗಾಗೆದ್ದು ನೋಡಿದ್ರೆ ಅದೊಂದೇ ಬಾದಾಮಿ ಹೂ ಬಿಟ್ಟಿತ್ತು. ವರ್ಷವರ್ಷವೂ ಪ್ರಾರ್ಥನೆ ಮನೇಲಿ ಕೂತು ಕೇಳ್ತೀಯಲ್ಲ, ನಿಂಗಿದು ಹೊಳೀಲೇ ಇಲ್ವಾ?"

ಇದು ನಿನಗೆ ಯಾವಾಗ ಹೊಳೆಯಿತು ಎಂದು ಎಜ್ರಾ ಮೆಲ್ಲಗೆ ಕೇಳಿದರಂತೆ. ಅವತ್ತೇ, ಆ ಕಲ್ಲಿನ ಮುಂದೆ ನಿಂತಾಗ ಎಂದರಂತೆ ಮಲ್ಕಾ.

ಮೂರು ದಿನ ಎಜ್ರಾ ಬೇರೆ ಕೆಲಸ ಮುಟ್ಟಲಿಲ್ಲ. ಹದಸ್ಸಾಳ ಕಲ್ಲಿನಲ್ಲಿ ಕೊಂಬೆಯ ಬುಡ ಕಡಿದೇ ಇದೆ, ಆದರೆ ಅದರ ಮೈಮೇಲೆ ಆರು ಹೂ ಅರಳಿವೆ. ಕಲ್ಲು ಹೊದಿಸಿದ ದಿನ ಜೋಹರಾ ಒಂದೊಂದು ಎಸಳನ್ನೂ ಬೆರಳಿನಿಂದ ಸವರಿ, ಇವರ ಅಂಗೈ ಹಿಡಿದು ಕಣ್ಣಿಗೊತ್ತಿಕೊಂಡರು. ಆಕೆ ಹೊರಟುಹೋದ ಮೇಲೆ ಎಜ್ರಾ ಚಾಣ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಮೇಲಿನ ಸಾಲಿಗೆ, ಅಹೂವಾಳ ಸಮಾಧಿಗೆ ಹತ್ತಿದರು.

ಹೋಗಿ ನೋಡಿದರೆ ಹೂ ಮಾಡಲು ಅಲ್ಲಿ ಕಲ್ಲೇ ಇಲ್ಲ. ಹೂ ಉಬ್ಬಿ ನಿಲ್ಲಬೇಕಾದರೆ ಸುತ್ತಲಿನ ಕಲ್ಲನ್ನು ಕೆತ್ತಿ ತಗ್ಗಿಸಬೇಕು. ಆ ಬೋಳು ಕೊಂಬೆಯ ಸುತ್ತ ಹೂವಾಗಬಹುದಾಗಿದ್ದ ಕಲ್ಲನ್ನೆಲ್ಲ ಎಂದೋ ಇದೇ ಕೈ ಪುಡಿಮಾಡಿ ಊದಿಬಿಟ್ಟಿದೆ. ಸತ್ತವರ ಮೇಲಿಟ್ಟ ಕಲ್ಲನ್ನು ಎತ್ತಿ ಬೇರೆಯದು ಇಡುವ ಪದ್ಧತಿಯೂ ಇಲ್ಲ.

"ಗೀರಿ ಹೂ ಬರೀಬೋದಿತ್ತು. ಆದ್ರೆ ಗೀರಿದ್ರೆ ಅದು ಹೂವಾಗಲ್ಲ, ಗಾಯ ಆಗುತ್ತೆ" ಎನ್ನುತ್ತಾರೆ. ಆ ಸಂಜೆ ಬಂದುಹೋದ ಗುರುತಿಗೆ ವಾಡಿಕೆಯಂತೆ ಸಮಾಧಿಯ ಮೇಲೆ ಒಂದು ಹರಳುಕಲ್ಲು ಇಟ್ಟು ಬರಿಗೈಲಿ ಇಳಿದು ಬಂದರು. ಬಾ, ಹದಸ್ಸಾಳ ಕಲ್ಲನ್ನಾದರೂ ನೋಡು ಎಂದು ಹೆಂಡತಿಯನ್ನು ಕರೆದರು. ಮಲ್ಕಾ ಒಲ್ಲೆನೆಂದು ತಲೆ ಅಲ್ಲಾಡಿಸಿ ಒಳಗೆ ಹೋದರು.

ಈಗ ಕಟ್ಟಳೆ ಬದಲಾಗಿದೆ. ಎಳೆಯರ ಕಲ್ಲು ಕೆತ್ತಿಸಲು ಬಂದವರಿಗೆ ಎಜ್ರಾ ತಾವಾಗಿಯೇ ಆರೋನನ ಕೋಲಿನ ಕಥೆ ಹೇಳುತ್ತಾರೆ, ಹೇಳಿಕೊಟ್ಟದ್ದು ನನ್ನ ಹೆಂಡತಿ ಎಂದು ಸೇರಿಸುತ್ತಾರೆ. ಕೆಲಸವಿಲ್ಲದ ಹೊತ್ತಿನಲ್ಲಿ, ಶೆಡ್ಡಿನ ಹಿಂದೆ ಗೋಣಿಚೀಲ ಹೊದಿಸಿಟ್ಟ ಇನ್ನೊಂದು ಕಲ್ಲಿನ ಮುಂದೆ ಕೂರುತ್ತಾರೆ. ಅದು ಅವರದೇ ಕಲ್ಲು. ಮಗಳ ಎಡಮಗ್ಗುಲಲ್ಲಿ ಅವರ ಜಾಗವಿದೆ.

"ನಂಗೆ ಎಪ್ಪತ್ತೊಂದು, ತಲೆಯೆಲ್ಲ ಬೆಳ್ಳಗಾಗಿದೆ. ಹೂ ನಂಗೆ ಸಲ್ಲುತ್ತೆ, ಯಾರೂ ಕೇಳೋ ಹಾಗಿಲ್ಲ" ಎನ್ನುತ್ತಾರೆ ಗೋಣಿ ಸರಿಸುತ್ತ. "ಕೊಂಬೇನ ಬಲಕ್ಕೆ, ಅಹೂವಾ ಕಡೆಗೆ ಬಾಗ್ಸಿದೀನಿ. ಹೂವೆಲ್ಲ ಅವಳ ಕಡೆಗೇ ಇವೆ. ಮಲ್ಕಾ ನನ್ನ ಕಲ್ಲು ಹೊದಿಸೋ ದಿನವಾದ್ರೂ ಬರ್ಲೇಬೇಕಲ್ಲ. ಆವಾಗ ಆ ಹೂವಿನ ಜಾಡು ಹಿಡಿದು ಒಂದೇ ಒಂದು ಸಲ ಮಗಳ ಕಡೆ ತಿರುಗಿ ನೋಡ್ಲಿ. ನಂಗೆ ಅಷ್ಟು ಸಾಕು."