ಹುಚ್ಚೆಳ್ಳು ಹೂವಿನ ಪದ್ಯ

ಶರತ್ಕಾಲ ಬಂತೆಂದರೆ ಕವಿಗಳಿಗೆ ಅದೇನು ಸಂಭ್ರಮವೋ! ತೊಳೆದಿಟ್ಟ ಆಕಾಶ, ಹತ್ತಿಯಂಥ ಮೋಡ, ತಿಳಿಗೊಳ, ಅದರಲ್ಲೊಂದು ಹಂಸ. ಅರಸೀಕೆರೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ನಾನೂ ಅಂಥದ್ದೇ ಒಂದು ಪದ್ಯ ಬರೆದು, ಕಣಕಟ್ಟೆಯ ನಮ್ಮ ಮನೆ ಜಗಲಿಯಲ್ಲಿ ಅಕ್ಕನಿಗೆ ಓದಿ ಹೇಳಿದೆ.

"ಹಂಸ ಎಲ್ಲಿ ನೋಡ್ದೇ ನೀನು?" ಎಂದಳು ಅಕ್ಕ.

"ಹಳೇಬೀಡಲ್ಲಿ. ಗುಡಿ ಗೋಡೆ ಮೇಲೆ ಸಾಲಾಗಿ ಅವಲ್ಲಾ."

"ಅದು ಕಲ್ಲು ಕಣೇ!"

ಮುಂದಿನ ಸಾಲಿನಲ್ಲಿ ಎಲೆಗಳು ಸದ್ದಿಲ್ಲದೆ ಉದುರುತ್ತಿದ್ದವು. ಇಂಗ್ಲಿಷ್ ಪಠ್ಯದಿಂದ ಎತ್ತಿದ್ದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ತೋಟದಲ್ಲಿ ತೆಂಗಿನ ಗರಿ ಬಿದ್ರೆ ತಲೆ ಒಡ್ದೋಯ್ತದೆ. ಸದ್ದಿಲ್ವಂತೆ!" ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಜೊತೆ ಮಾತು ಬಿಟ್ಟೆ. ಆದರೆ ನನ್ನ ಪದ್ಯವನ್ನು ಕೊನೆಯವರೆಗೆ ಕೇಳುತ್ತಿದ್ದವಳು ಅವಳೊಬ್ಬಳೇ.

ಮುಂದಿನ ಬೇಸಿಗೆಯಲ್ಲಿ ಅವಳನ್ನು ಹಳೇಬೀಡಿನಾಚೆಯ ಹಗರೆಗೆ ಮದುವೆ ಮಾಡಿ ಕೊಟ್ಟರು. ಮನೆ ಭಣಭಣ ಎನ್ನತೊಡಗಿತು. ಮಳೆ ಕಳೆದು ರಾಗಿ ತೆನೆ ಕಟ್ಟಿತು. ಅದರ ನಡುವಿನ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿತು. ಕವಿಗಳ ಕಣ್ಣಿಗೆ ಬೀಳದ ನಮ್ಮ ಶರತ್ಕಾಲ ಇದೇ. ದೀಪಾವಳಿಯಲ್ಲಿ ಸಗಣಿ ಉಂಡೆಗೆ ಈ ಹೂ ಸಿಕ್ಕಿಸಿ ಹೊಸ್ತಿಲಲ್ಲಿಡುವ ಕೆಲಸ ಪ್ರತಿವರ್ಷ ನಮ್ಮಿಬ್ಬರದು. ಮದುವೆಯಾದ ಮೇಲಿನ ಮೊದಲ ದೀಪಾವಳಿ, ಮಗಳು ಅಳಿಯ ಎಣ್ಣೆನೀರಿಗೆ ಬರಲೇಬೇಕು. ಅಕ್ಕನಿಗೆ ಓದಲೆಂದೇ ಹಂಸಗಳನ್ನೆಲ್ಲ ಓಡಿಸಿ, ಹುಚ್ಚೆಳ್ಳಿನ ಮೇಲೆ ಹೊಸ ಪದ್ಯ ಬರೆದು ಕಾದೆ.

ಅವಳು ಬರಲಿಲ್ಲ. ಆ ವರ್ಷ ಊರೂರಿಗೂ ಹಬ್ಬಿದ್ದ ಚಿಕೂನ್‌ಗುನ್ಯಾ ಅವಳ ಅತ್ತೆಯನ್ನು ಹಾಸಿಗೆಗೆ ಕೆಡವಿತ್ತು. ಹಾಲು ಕರೆಯುವ ಹಸುಗಳನ್ನು ಬಿಟ್ಟು ಸೊಸೆ ಹೊರಡುವುದು ಹೇಗೆ? ಅವ್ವ ಫೋನಿಟ್ಟು, ಏನೂ ಆಗದವಳಂತೆ ಕಜ್ಜಾಯ ಕರಿಯಲು ಕೂತಳು.

ಹಬ್ಬದ ಮಾರನೆಯ ದಿನ ಕಜ್ಜಾಯದ ಡಬ್ಬಿ, ಒಂದು ಕಟ್ಟು ಹುಚ್ಚೆಳ್ಳು ಹೂ ಹಿಡಿದು ನಾನೇ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸುವಷ್ಟರಲ್ಲಿ ಹೂ ಬಾಡಿತ್ತು. ಅಕ್ಕ ಕೊಟ್ಟಿಗೆಯಲ್ಲಿದ್ದಳು. ಕೆನ್ನೆ ಒಳಹೋಗಿತ್ತು. ಬಾಡಿದ ಹೂವನ್ನೇ ಮೂಗಿಗೆ ಹಿಡಿದಳು. ಆಮೇಲೆ, "ಏನಾರ ಬರ್ದಿದ್ರೆ ಓದೇ," ಎಂದಳು.

ಓದಿದೆ. ನಮ್ಮ ಹೊಲ, ಹಳದಿ ಸಾಲು, ಇಬ್ಬನಿಗೆ ಒದ್ದೆಯಾದ ಲಂಗ, ಬದುವಿನಲ್ಲಿ ನಿಂತು ಕೂಗುವ ಅವ್ವ. ಈ ಸಲ ಅವಳು ನಗಲಿಲ್ಲ. ಅರ್ಧಕ್ಕೇ ಕೈ ಅಡ್ಡ ಹಿಡಿದಳು.

"ಸಾಕು, ನಿಲ್ಸೇ. ಊರೇ ಕಣ್ಮುಂದೆ ಬತ್ತೈತೆ. ಡೈರಿಗೆ ಹೊತ್ತಾಯ್ತು, ಹಾಲು ಕರೀಬೇಕು ನಾನು."

ಹಾಳೆ ಮಡಚಿದೆ. ಅವಳನ್ನು ಎಳೆದುಕೊಂಡು ಹೋಗಿಬಿಡೋಣ ಅನ್ನಿಸಿತು. ಅಕ್ಕ ಕರು ಬಿಟ್ಟು, ಹಸುವಿನ ಮಗ್ಗುಲಿಗೆ ಹಣೆ ಆನಿಸಿ ಕೂತಳು. ಮುಖ ಕಾಣಲಿಲ್ಲ.

ಸಂಜೆ ಬಸ್ಸಿಗೆ ಬಿಡಲು ರಸ್ತೆಯವರೆಗೂ ಬಂದಳು. "ಬತ್ತೀನಿ ಅಂತ ಅವ್ವಂಗೆ ಹೇಳು."

"ಯಾವಾಗ ಅಂತ ಕೇಳಿದ್ರೆ?"

"ಅವ್ವ ಅದನ್ನ ಕೇಳಲ್ಲ ಬಿಡು."

ಮನೆಗೆ ಬಂದು ಹಾಗೆಯೇ ಹೇಳಿದೆ. ಅವ್ವ ನಿಜವಾಗಿಯೂ ಕೇಳಲಿಲ್ಲ. ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತವಳು, "ಸೊರಗವ್ಳಾ?" ಎಂದಳು.

"ಇಲ್ಲವ್ವ," ಎಂದೆ.