ಕುಂದ್ರು ಅನ್ನುವವರೆಗೂ ನಿಂತವನು

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಕಾಲಿಟ್ಟಿದ್ದೆ. ಒಳಗೆ ಮಿರ್ಚಿ, ಮಂಡಕ್ಕಿ ತಿನ್ನುತ್ತಿದ್ದ ಮೂವರು ಗಂಡಸರು ಬಾಯಲ್ಲಿದ್ದದ್ದನ್ನು ನುಂಗುವ ಮೊದಲೇ ಎದ್ದು ನಿಂತು, "ನಮಸ್ತೇ ಅಕ್ಕೋರ..." ಎಂದು ತರಗತಿಯ ರಾಗದಲ್ಲೇ ಎಳೆದರು. ಯಾರೋ ದೊಡ್ಡ ಅಧಿಕಾರಿ ಬಂದರೆಂದುಕೊಂಡು ಪಕ್ಕದ ಮೇಜಿನವರೂ ಎದ್ದರು. ಗಲ್ಲಾದ ಮುಂದಿದ್ದ ಮಾಲೀಕರೂ ಎದ್ದರು!

ಸೂಡಿಯ ಶಾಲೆಯಲ್ಲಿ ನಾನು ಕಲಿಸಿದ ಹುಡುಗರು. ನಾಚಿಕೆಯಾಗಿ "ಕುಂದರ್ರಪ್ಪಾ" ಎಂದೆ. ಎಲ್ಲರೂ ಕುಳಿತರು. ಮೀಸೆ ಬಿಟ್ಟ ಮಾಬುಸಾಬ ಮಾತ್ರ ಕೈಕಟ್ಟಿ ನಿಂತೇ ಇದ್ದ.

"ಏಳನೇ ಕ್ಲಾಸಿನ್ಯಾಗ ಬಾಯಿಲೆ ಬಸ್ಸಿನ ಹಾರ್ನ್ ಹೊಡದೆ ಅಂತ ನಿಲ್ಲಿಸಿದ್ರಿ. ಗಂಟಿ ಆತು, ನೀವು ಹ್ವಾದ್ರಿ. ನನಗ ಕುಂದ್ರು ಅಂತ ಇನ್ನೂ ಹೇಳಿಲ್ರಿ ಅಕ್ಕೋರ!"

ನೆನಪಾಯಿತು. ಆಗ ದಿನಾ ಸಂಜೆ ರೋಣದ ಬಸ್ ಹಿಡಿಯಬೇಕಿದ್ದ ನಾನು ಅವನ "ಪೋಂ" ಕೇಳಿ ಗಾಬರಿಯಿಂದ ಕಿಟಕಿಯತ್ತ ನೋಡುತ್ತಿದ್ದೆ. ತರಗತಿಯೆಲ್ಲ ನಗುತ್ತಿತ್ತು.

"ಕುಂದ್ರಪಾ, ಕಾಲು ಸೋತಿರ್ಬೇಕು" ಎಂದೆ. ಆಗಲೇ ಅವನು ಕುಳಿತದ್ದು. ಮಿರ್ಚಿಯ ತಟ್ಟೆಯನ್ನು ನನ್ನತ್ತ ಸರಿಸಿದ. ನನ್ನ ಕಣ್ಣು ತುಂಬಿತು.

ಚಹಾ ಮುಗಿಸಿ ಮೆಟ್ಟಿಲಿಳಿಯುವಾಗ "ಪೋಂ... ಪೋಂ..." ಎಂದು ಹಾರ್ನ್ ಕೇಳಿಸಿತು. ಬಸ್ ಹೊರಟೇಬಿಟ್ಟಿತೆಂದು ಸೀರೆಯ ನೆರಿಗೆ ಹಿಡಿದು ರಸ್ತೆ ದಾಟಿ ಓಡಿದೆ. ನಿಲ್ದಾಣಕ್ಕೆ ಬಸ್ ಇನ್ನೂ ಬಂದೇ ಇರಲಿಲ್ಲ! ತಿರುಗಿ ನೋಡಿದರೆ ಮಾಬುಸಾಬ ಹೋಟೆಲಿನ ಬಾಗಿಲಲ್ಲಿ, ನಾನು ಹೇಳುವ ಮೊದಲೇ, ಕಿವಿ ಹಿಡಿದು ನಿಂತಿದ್ದ.

ಬಸ್ ಬಂತು. ನಗು ತಡೆದುಕೊಂಡು ಹತ್ತಿದೆ. ಈ ಸಲವೂ ಅವನಿಗೆ ಕುಂದ್ರು ಎಂದು ಹೇಳಲಿಲ್ಲ, ಬೇಕೆಂತಲೇ.