ಗುಡಿಸಿಬಿಟ್ಟ ಹಿಟ್ಟು

ಆ ದಿನ ನಾನು ಹದಿನೆಂಟು ಅಂಗಿಗಳಿಗೆ ಗುಂಡಿ ಹಚ್ಚಿದ್ದೆ. ಶಾಲೆ ಶುರುವಾಗಲು ಹತ್ತೋ ಹನ್ನೆರಡೋ ದಿನ ಉಳಿದಿತ್ತು. ನನ್ನ ಗಂಡ ಸಿದ್ದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದರು. ಕಾಜಾ, ಗುಂಡಿ, ಕೈಹೊಲಿಗೆ ಮನೆಯಲ್ಲಿ ನನ್ನ ಪಾಲು. ತೊಂಬತ್ತರ ದಶಕದ ನಡುವಿನ ಮಾತು ಇದು; ಹೊಲಿದಿಟ್ಟ ಯೂನಿಫಾರ್ಮ್ ಕೊಳ್ಳುವುದು ನಮ್ಮ ಕಡೆ ಇನ್ನೂ ಅಷ್ಟು ರೂಢಿಯಾಗಿರಲಿಲ್ಲ.

ಸಂಜೆ ಪೇಟೆಯಿಂದ ಬಂದ ಇವರು ಒಂದು ಅಂಗಿ ಎತ್ತಿ ನೋಡಿದರು. "ಇದಕ್ಕೆ ನೀಲಿ ಗುಂಡಿ ಹಚ್ಚಿದ್ಯಲೆ. ಇದು ಬಿಳಿ ಗುಂಡಿ ಶಾಲೇದು."

"ನೀಲಿ ಆದ್ರೆ ಮಾಸ್ತರ್ರು ಒಳಗೆ ಬಿಡೂದಿಲ್ವಾ?" ಎಂದೆ. ಗುಂಡಿ ಬಿಚ್ಚುತ್ತ ಕೂತವಳಿಗೆ ಸಿಟ್ಟು ಏರಿತು. "ಊರಿಗೆಲ್ಲ ಹೊಲೀತೀರಿ. ನನ್ನ ರವಿಕೆ ಬಟ್ಟೆ ದೀಪಾವಳಿಯಿಂದ ಪೆಟ್ಟಿಗೇಲೇ ಅದೆ."

"ದರ್ಜಿ ಹೆಂಡ್ತಿ ಹರಕು ರವಿಕೆ ಹಾಕ್ಕೊಂಡ್ರೇ ದರ್ಜಿಗೆ ಕೆಲಸ ಭರ್ತಿ ಅದೆ ಅಂತ ಜನ ತಿಳ್ಕೊಳ್ಳೂದು," ಎಂದು ನಕ್ಕರು. ಆದರೂ ಪೆಟ್ಟಿಗೆಯಿಂದ ಆ ಹಸಿರು ಬಟ್ಟೆ ತೆಗೆದು ನೆಲದ ಮೇಲೆ ಹಾಸಿದರು. ಟೇಪು ತೆಗೆಯಲಿಲ್ಲ, ನನ್ನ ಅಳತೆ ಅವರಿಗೆ ಗೊತ್ತಿತ್ತು. ಗುರುತು ಹಾಕಿ, ಸೀಮೆಸುಣ್ಣದ ಚೂರನ್ನು ಎಂದಿನಂತೆ ಬಲಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕತ್ತರಿ ಹಾಕಿದರು. "ನಾಳೆ ಹೊಲೀತೆ," ಎಂದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದವರು ಎದೆ ನೋವೆಂದು ನಡುಮನೆಯ ಮೂಲೆಯಲ್ಲಿ ಮಲಗಿದರು. ಜೀಪು ತರಲು ಓಡಿದವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಣ ಸುಟ್ಟು ಬಂದ ಸಂಜೆ, ಜೀವ ಹೋದ ಜಾಗದಲ್ಲಿ ಜರಡಿ ಹಿಡಿದ ಅಕ್ಕಿಹಿಟ್ಟನ್ನು ತೆಳ್ಳಗೆ ಹರವಿ, ಪಕ್ಕದಲ್ಲಿ ದೀಪ ಇಟ್ಟು ಬಾಗಿಲು ಮುಂದೆ ಮಾಡುತ್ತಾರೆ. ಬೆಳಗ್ಗೆ ಮನೆಯ ಹಿರಿಯರು ಹೋಗಿ ನೋಡಬೇಕು. ಹಕ್ಕಿಯ ಕಾಲು ಮೂಡಿದ್ದರೆ ಹಕ್ಕಿ, ಗೊರಸು ಮೂಡಿದ್ದರೆ ದನ, ಮನುಷ್ಯರ ಹೆಜ್ಜೆಯಾದರೆ ಮನುಷ್ಯ ಜನ್ಮ. ಹಿಟ್ಟು ಹರವಿದವರು ನನ್ನ ಅತ್ತೆ. ಅವರಿಗೆ ಇದ್ದದ್ದು ಇವರೊಬ್ಬರೇ ಮಗ. ಬೆಳಗಾದರೆ ಮಗನ ವಿಳಾಸ ಸಿಗುತ್ತದೆ ಎಂಬಂತೆ ಕೆಲಸ ಮಾಡಿದರು.

ನಾನು ಮದುವೆಯಾಗಿ ಬಂದ ದಿನದಿಂದ ಎದ್ದ ಕೂಡಲೇ ಒಳಗೆಲ್ಲ ಗುಡಿಸಿ ಆಮೇಲೆ ಒಲೆ ಹಚ್ಚುವವಳು. ಆ ಬೆಳಗ್ಗೆಯೂ ಎದ್ದೆ. ತಲೆಯಲ್ಲಿ ಏನೂ ಇರಲಿಲ್ಲ. ಅತ್ತೆ ಮುಖ ತೊಳೆದು ಬಂದು ಬಾಗಿಲಲ್ಲಿ ನಿಂತಾಗಲೇ ನನಗೆ ಎಚ್ಚರವಾದದ್ದು. ಕಸಬರಿಗೆ ನನ್ನ ಕೈಯಲ್ಲಿತ್ತು, ಹಿಟ್ಟು ಕಸದ ಮೊರದಲ್ಲಿತ್ತು.

"ಹಿಟ್ಟು ಎಲ್ಲಿ?" ಎಂದರು ಅತ್ತೆ.

ಅವರ ಮುಖ ನೋಡಿದೆ. "ನೋಡಿದೆ ಅತ್ತೆ," ಎಂದೆ. "ಸಣ್ಣ ಮಗುವಿನ ಹೆಜ್ಜೆ ಇತ್ತು. ನೋಡಿದ್ಮೇಲೇ ಗುಡಿಸಿದ್ದು."

ಅತ್ತೆ ಅಲ್ಲೇ ಕೂತು, ಮಗ ಸತ್ತ ಮೇಲೆ ಮೊದಲ ಸಲ ಅತ್ತರು.

ತಿಂಗಳಾದ ಮೇಲೆ ಅಂಗಡಿಯವರು ಮೆಷಿನನ್ನೂ ಒಂದು ಚೀಲವನ್ನೂ ಮನೆಗೆ ತಂದುಕೊಟ್ಟರು. ಚೀಲದಲ್ಲಿ ನನ್ನ ರವಿಕೆಯ ತುಂಡುಗಳಿದ್ದವು. ಸಾಯುವ ದಿನ ಬೆಳಗ್ಗೆ ಹೊಲಿಯಲೆಂದು ಒಯ್ದಿದ್ದರೆಂದು ಕಾಣುತ್ತದೆ. ಬೆನ್ನು, ಎದೆಯ ಎರಡು ಭಾಗ, ಬಲತೋಳು. ಎಡತೋಳು ಇರಲಿಲ್ಲ. ಅಂಗಡಿಯಲ್ಲಿ ಕೇಳಿದೆ, ಮನೆಯ ಮೂಲೆಮೂಲೆ ಹುಡುಕಿದೆ. ಸಿಗಲಿಲ್ಲ.

ಅತ್ತೆ ಹುಡುಕುತ್ತಿದ್ದದ್ದು ಬೇರೆ. ಎಲ್ಲಿ ಹೆರಿಗೆಯಾದ ಸುದ್ದಿ ಬಂದರೂ ಹೊರಡುತ್ತಿದ್ದರು. ಹುಲಗೋಳದ ದೂರದ ನೆಂಟರ ಮನೆಯಲ್ಲಿ ಬಾಣಂತಿ ಕೂಸಿನ ಮೇಲೆ ಸೆರಗು ಎಳೆದುಕೊಂಡಳು. "ನಾ ಎಂತ ಕೂಸನ್ನ ಹೊತ್ಕೊಂಡು ಹೋಗ್ತೇನಾ?" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು. ನಾನು ಜೊತೆಗೆ ಹೋಗುತ್ತಿದ್ದೆ. ಮನೆಯಲ್ಲಿ ಒಬ್ಬಳೇ ಕೂರಲು ಆಗುತ್ತಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ.

ವರ್ಷದೊಳಗೆ ನನ್ನ ನಾದಿನಿಗೆ ಹೆಣ್ಣು ಮಗು ಹುಟ್ಟಿತು. ಅವಳನ್ನು ಕೊಟ್ಟದ್ದು ಯಲ್ಲಾಪುರ ತಾಲೂಕಿನ ವಜ್ರಳ್ಳಿಗೆ. ಶಿರಸಿಯಲ್ಲಿ ಒಮ್ಮೆ, ಯಲ್ಲಾಪುರದಲ್ಲಿ ಒಮ್ಮೆ ಬಸ್ಸು ಬದಲಿಸಿ ಹೋದೆವು. ಅತ್ತೆ ಮಗುವಿನ ಬಲಕಿವಿ ಮಡಚಿ ನೋಡಿದರು. ಹಿಂದೆ ಸಣ್ಣ ಕೆಂಪು ಮಚ್ಚೆ.

"ಸೀಮೆಸುಣ್ಣದ ಚೂರು ಸಿಕ್ಕಿಸೋ ಕಿವಿ," ಎಂದರು.

"ಅವ್ವಾ, ಅಂಥದ್ದು ಸುಮಾರು ಮಕ್ಕಳಿಗೆ ಇರ್ತದಂತೆ. ಡಾಕ್ಟ್ರು ಹೇಳಿದ್ರು," ಎಂದಳು ನಾದಿನಿ.

"ಡಾಕ್ಟ್ರಿಗೆ ನಿನ್ನ ಅಣ್ಣನ ಕಿವಿ ಗೊತ್ತಿತ್ತಾ?"

ನಾದಿನಿಯ ಗಂಡ ಮಗುವನ್ನು ಎತ್ತಿಕೊಂಡ. ಅದು ಅವನ ತೊಡೆ ಒದ್ದೆ ಮಾಡಿತು. "ಭಾವ ಬದುಕಿದ್ದಾಗ ನಂಗೊಂದು ಪ್ಯಾಂಟು ಹೊಲಿದು ಕೊಡ್ಲಿಲ್ಲ. ಈಗ ಇದ್ದದ್ದನ್ನೂ ಹಾಳು ಮಾಡ್ತಾ," ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ವಜ್ರಳ್ಳಿಗೆ ಹೋಗುವುದೇ ಆಯಿತು. ಮಗು ಮಾತು ಕಲಿತಂತೆ ಅತ್ತೆ ಅದಕ್ಕೆ ಕಲಿಸಿದರು. "ನೀ ಯಾರು?" ಎಂದರೆ "ದರ್ಜಿ" ಎನ್ನುತ್ತಿತ್ತು. ಮೊದಮೊದಲು ಅದು ಆಟ. ನಾಲ್ಕು ದಾಟಿ ಅಂಗನವಾಡಿಗೆ ಹೋಗತೊಡಗಿದ ಮೇಲೆ ಒಂದು ದಿನ ಅಲ್ಲಿ "ನಾನು ಸತ್ತು ಬಂದವಳು" ಎಂದು ಹೇಳಿತಂತೆ; ಬೇರೆ ಮಕ್ಕಳು ಹೆದರಿ ದೂರ ಕೂತವಂತೆ. ಅವತ್ತಿನಿಂದ ಅದು ಅಂಗನವಾಡಿಗೆ ಹೋಗುವುದಿಲ್ಲ ಎಂದು ಹಟ ಮಾಡುತ್ತಿತ್ತು.

ನಾದಿನಿ ನನ್ನನ್ನು ಬಚ್ಚಲಿನ ಹತ್ತಿರ ನಿಲ್ಲಿಸಿಕೊಂಡು ಕೇಳಿದಳು. "ಅತ್ತಿಗೆ, ಖರೇ ಹೇಳಿ. ಆ ಹೆಜ್ಜೆ ನೀವು ನೋಡಿದ್ರಾ?"

ಹೇಳಬೇಕಿತ್ತು. "ಅತ್ತೆಗೆ ಬುದ್ಧಿ ಹೇಳ್ತೆ," ಎಂದಷ್ಟೇ ಹೇಳಿದೆ.

ಅದೇ ದಿನ ಇಳಿಮಧ್ಯಾಹ್ನ ಮಗು ಮತ್ತು ನಾನು ಇಬ್ಬರೇ ಜಗಲಿಯಲ್ಲಿದ್ದೆವು. ಅದು ಅಡಿಕೆ ಸೋಗೆಯ ಕಡ್ಡಿ ಮುರಿಯುತ್ತ ಕೂತಿತ್ತು. ನಾನು ಹತ್ತಿರ ಸರಿದು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದೆ, "ನನ್ನ ರವಿಕೆಯ ಎಡತೋಳು ಎಲ್ಲಿಟ್ಟಿದ್ದೀರಿ?"

ನಾಲ್ಕು ವರ್ಷದ ಮಗುವನ್ನು ಬಹುವಚನದಲ್ಲಿ ಮಾತಾಡಿಸಿದ್ದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಮಗು ತಲೆ ಎತ್ತದೆ, "ಅಟ್ಟದ ಮೇಲೆ," ಎಂದಿತು.

ಹೆಜ್ಜೆ ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟೆ. ಅತ್ತೆ "ಎಂತ ಅವಸರ?" ಎಂದರೆ ಏನೋ ಒಂದು ನೆಪ ಹೇಳಿದೆ, ಏನೆಂದು ನೆನಪಿಲ್ಲ. ಸಿದ್ದಾಪುರದಲ್ಲಿ ಇಳಿದು ಓಡುನಡಿಗೆಯಲ್ಲೇ ಮನೆಗೆ ಹೋದೆ. ಅಟ್ಟದ ಮೇಲಿನ ಹಳೆಯ ಬುಟ್ಟಿ, ಹರಿದ ಕಂಬಳಿ, ಮಡಕೆ, ಚೀಲ ಎಲ್ಲ ಕೆಳಗೆ ಇಳಿಸಿದೆ. ಇಲಿ ಕಡಿದ ಬಟ್ಟೆಯ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದೂ ಹಸಿರಿರಲಿಲ್ಲ. ಮೈಯೆಲ್ಲ ಧೂಳಾಗಿ ಏಣಿಯ ಕೆಳಗೆ ಕೂತಾಗ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು.

ಅತ್ತೆ ತಿರುಗಿ ಬಂದ ಮೇಲೆ, ಅವರು ಅಕ್ಕಿ ಆರಿಸುತ್ತಿದ್ದಾಗ, ಹೇಳಿದೆ. ಹೆಜ್ಜೆ ನೋಡಲಿಲ್ಲ, ರೂಢಿಯಲ್ಲಿ ಗುಡಿಸಿಬಿಟ್ಟೆ, ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ ಎಂದೆ.

ಅತ್ತೆ ಅಕ್ಕಿಯಿಂದ ಕಲ್ಲೊಂದನ್ನು ಆರಿಸಿ ಎಸೆದರು. "ನೋಡದೆ ಹೆಂಗೆ ಗುಡಿಸಿದ್ಯೆ? ಕಣ್ಣು ಮುಚ್ಕೊಂಡು ಗುಡಿಸಿದ್ಯಾ?"

"ಕಣ್ಣು ತೆರೆದೇ ಇತ್ತು."

"ಹಂಗಾದ್ರೆ ಕಣ್ಣು ನೋಡಿದೆ. ನಿಂಗೆ ನೆನಪಿಲ್ಲ ಅಷ್ಟೇ. ಇಲ್ದಿದ್ರೆ ಹಕ್ಕಿ ಅನ್ನಲಿಲ್ಲ, ದನ ಅನ್ನಲಿಲ್ಲ, ಮಗು ಅಂತ್ಲೇ ಯಾಕೆ ಬಾಯಿಗೆ ಬಂತು?"

ಅವರು ಅಕ್ಕಿ ಕೇರುತ್ತ ಕೂತರು. ಅಂದಿನಿಂದ ಅವರಿಗೆ ನೆಮ್ಮದಿ, ನನಗೆ ಇನ್ನೊಂದು ಕಾಟ. ಆ ಬೆಳಗಿನ ನೆಲವನ್ನು ನೆನಪಿನಲ್ಲಿ ಎಷ್ಟು ಸಲ ನೋಡಿದರೂ ಕಸಬರಿಗೆಯ ತುದಿ ಮಾತ್ರ ಕಾಣುತ್ತದೆ.

ನಾದಿನಿಗೂ ವಜ್ರಳ್ಳಿಗೆ ಹೋಗಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು, "ಯಾರೂ ಇಲ್ಲದಾಗ ನಾನೂ ಒಂದೆರಡು ಸಲ ಮಗೂನ ಅಣ್ಣಾ ಅಂತ ಕರೆದಿದ್ದೆ ಅತ್ತಿಗೆ," ಎಂದಳು. ಮತ್ತೆ, "ಅವ್ವನ್ನ ಸ್ವಲ್ಪ ದಿನ ಕರ್ಕೊಂಡು ಬರಬೇಡಿ," ಎಂದಳು. ನಾನೂ ಹೋಗುವುದು ಕಡಿಮೆ ಮಾಡಿದೆ. ಮಗು ಶಾಲೆಗೆ ಸೇರಿತು, ಕಲಿಸಿದ್ದನ್ನೆಲ್ಲ ಮರೆಯಿತು. ಏಳೆಂಟು ವರ್ಷವಾದಾಗ ಒಮ್ಮೆ ನಮ್ಮ ಮನೆಗೆ ಬಂದು ಮೆಷಿನ್ ತಿರುಗಿಸಿ, "ಅತ್ತೆ, ಇದು ಯಾರದ್ದು?" ಎಂದು ಕೇಳಿತು. ನಿನ್ನ ಸೋದರಮಾವನದ್ದು ಎಂದೆ.

ಅತ್ತೆ ತೀರಿಹೋದಾಗ ಹಿಟ್ಟು ಹರವಲು ಹೇಳಿದವರಿದ್ದರು. ನಾನು ಹರವಲಿಲ್ಲ.

ಉಳಿದ ನಾಲ್ಕು ತುಂಡುಗಳನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಎಡತೋಳು ಸಿಕ್ಕಿಲ್ಲ.